ಒಣ ಸದ್ದು

ಗದಗಿನ ಕಡೆಯವಳು ನಾನು.
ನಮ್ಮ ಉರುವಲೆಂದರೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ,
ಗೋಡೆಗೆ ಬಡಿದ ಕುಳ್ಳು.
ಅವರ್ಸಾದ ಬಾಡಿಗೆ ಮನೆಯಲ್ಲಿ
ಬಚ್ಚಲ ಹಂಡೆ ನನ್ನನ್ನೇ ಕೂರಿಸಿಕೊಳ್ಳುವಷ್ಟು ದೊಡ್ಡದು.
ಅದರ ಅಡಿಗೆ ಏನು ಒಟ್ಟಬೇಕೆಂದು
ಹನ್ನೆರಡು ವರ್ಷ ಪಾಠ ಹೇಳಿದವಳಿಗೆ ತಿಳಿಯದು.

ಚೈತ್ರದಲ್ಲಿ ಬುದವಂತಿ ಬಂದಳು,
ತಲೆಯ ಮೇಲೆ ಹೊರೆ, ಕೊರಳ ತುಂಬ ಮಣಿಸರ.
ಅಂಗಳದಲ್ಲಿ ಕೆಡವಿ ಎರಡು ಸೀಳು ಎತ್ತಿ
ಒಂದಕ್ಕೊಂದು ಬಡಿದಳು.
ಟಣ್.
"ಕೇಳ್ರಾ ಅಕ್ಕೋರೆ, ಇದು ಒಣಗಿದ್ದು.
ದಬ್ ಅಂದ್ರೆ ಒಳಗೆ ನೀರು ಕೂತದೆ."
ಕಡಿದ ತುದಿ ಬಿರಿದಿರಬೇಕು,
ಸಿಪ್ಪೆ ಬೆರಳಿಗೇ ಕಳಚಿ ಬರಬೇಕು.
ಮತ್ತಿಯ ಕೆಂಡ ಬೆಳಗಿನವರೆಗೂ ಕೂತೀತು.
ಗಾಳಿಮರದ ಉರಿಗೆ ಹಂಡೆ ಬೇಗ ಗುಂಯ್ಗುಟ್ಟೀತು.
ಹೊಳೆಗೇರು ಒಲೆಯ ಹತ್ತಿರವೂ ಬೇಡ, ಮೈ ಬೆಂದೀತು.
ಕಡಲು ತಂದು ಎಸೆದ ದಿಮ್ಮಿಯೂ ಬೇಡ,
ಉಪ್ಪು ತಿಂದದ್ದು, ಒಲೆಯೊಳಗೆ ಜಗಳ ತೆಗೆಯುತ್ತದೆ.

ಒಟ್ಟುವುದನ್ನೂ ಅವಳೇ ಕಲಿಸಿದಳು:
ಕೆಳಗೆ ಕಲ್ಲು, ಕಲ್ಲಿನ ಮೇಲೆ ಅಡ್ಡ ತೊಲೆ,
ಮೇಲೆ ಮಡಲಿನ ಹೊದಿಕೆ, ಬದಿಗಳು ಬಯಲು.
"ಗೋಡೆಗೂ ರಾಶಿಗೂ ನಡುವೆ ಕೈ ತೂರುವಷ್ಟು ಸಂದು ಬಿಡ್ರಾ.
ಒಳಗೆ ಹೋದ ಗಾಳಿ ಹೊರಗೆ ಬರೂಕೆ ದಾರಿ ಬೇಕಲ್ಲ?"
ಎಲ್ಲ ಹೇಳಿದ ಹಾಗೇ ಮಾಡಿದೆ.
ಸೈಕಲ್ ನಿಲ್ಲಿಸಲು ಜಾಗ ಸಾಲದೆ
ರಾಶಿಯನ್ನು ಒಂದಿಷ್ಟು ಗೋಡೆಗೆ ಒತ್ತಿದ್ದೊಂದು ಬಿಟ್ಟು.

ಆಷಾಢದಲ್ಲಿ ಅವಳ ಮೊಮ್ಮಗಳು
ಮೂರು ದಿನ ಶಾಲೆಗೆ ಬರಲಿಲ್ಲ. ನೋಡಹೋದೆ.
ಬಾಗಿಲಿಗೇ ಹೊಗೆ.
ಊದುಗೊಳವೆ ಹಿಡಿದ ಬುದವಂತಿಯ ಕಣ್ಣು
ಕುಂಕುಮದ ಹಾಗೆ.
ಒಲೆಯಲ್ಲಿ ಗೇರಿನ ಹಸಿ ಟೊಂಗೆ,
ತುದಿಯಲ್ಲಿ ನೊರೆ ಉಕ್ಕಿಸುತ್ತ ಚುಂಯ್ಗುಡುತ್ತಿತ್ತು.
ಟಣ್ ಎಂಬುದೆಲ್ಲ ಎಲ್ಲಿ ಹೋಯಿತೆಂದು
ಕೇಳುವ ಮೊದಲೇ ಅಂದಳು,
"ಒಣಗಿದ್ದು ಮಾರೂಕೆ, ಅಕ್ಕೋರೆ."
ಬೆಲೆ ಹೇಳುವಾಗಿನ ದನಿಯೇ.

ಮಾರನೆಯ ದಿನ ಸೈಕಲ್ಲಿಗೆ ಹೊರೆ ಬಿಗಿದು,
ಪ್ಲಾಸ್ಟಿಕ್ ಸುತ್ತಿ, ತಳ್ಳಿಕೊಂಡು ಹೋದೆ.
ಏನು ಹೇಳಿ ಕೊಡಬೇಕೆಂದು
ದಾರಿಯುದ್ದಕ್ಕೂ ವಾಕ್ಯ ಜೋಡಿಸಿ, ಅಳಿಸಿ, ಜೋಡಿಸಿ.

ಅವಳು ವಾಕ್ಯಕ್ಕೆ ಕಾಯಲಿಲ್ಲ.
ಎರಡು ಸೀಳು ಎತ್ತಿ ಬಡಿದಳು.
ದಬ್.
ಗೆದ್ದಲ ಮಣ್ಣು ಉಗುರಿನಲ್ಲಿ ಕೆರೆದು ನನ್ನ ಮುಖ ನೋಡಿ,
"ಗೋಡೆಗೆ ತಾಗ್ಸಿ ಇಟ್ಟೀರಿ."

ಆಮೇಲೆ ಒಂದೊಂದೇ ಬಡಿದು ಕೇಳಿದಳು.
ದಬ್ ಎಂದವು ನಾಲ್ಕು, ಒಲೆಯ ಬಾಯಿಗೆ.
ಟಣ್ ಎಂದವನ್ನು ಸೆರಗಿನಲ್ಲಿ ಒರೆಸಿ
ಅಟ್ಟದ ಮೇಲೆ ಜೋಡಿಸಿದಳು,
ಮಾರುವ ಸಾಲಿನಲ್ಲಿ.