ಕೆಚ್ಚು

ರಿಜಿಸ್ಟರ್ ತೆರೆದು ಸಭಾಪಾಲಕರು ಕೇಳಿದರು:
"ನೀಲವ್ವ, ನೀ ನಂಬಿದ್ದು ಯಾವತ್ತು?"
ತಾರೀಖು ಬರಿಯಾಕ ಒಂದು ಖಾನೆ,
ಬೆರಳಿನಷ್ಟು ಅಗಲ.

ನಾ ಬೆಟಗೇರಿಯಾಕಿ, ಮಗ್ಗದ ಮನಿಯಾಕಿ.
ನನಗ ಗೊತ್ತಿರೋದು ಕೆಚ್ಚೋದು.
ಹಳೇ ಹಾಸು ತೀರಾಕ ಬಂದಾಗ
ಅದರ ತುದಿಗೆ ಹೊಸಾ ಹಾಸಿನ ಎಳಿ ಹಿಡಿದು,
ಒಂದಕ್ಕ ಒಂದು, ಒಂದಕ್ಕ ಒಂದು,
ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೆಯೋದು.
ಗಂಟು ಹಾಕಂಗಿಲ್ಲ, ಹಣಿಗ್ಯಾಗ ಸಿಗತದ.
ಮೂರು ಸಾವಿರ ಎಳಿ.
ಯಾವ ಎಳಿಗೆ ಸೀರಿ ಸುರು ಆತು ಅಂತ
ಸಾವುಕಾರ ಸೈತ ಕೇಳಿದ್ದಿಲ್ಲ.

ನನ್ನ ಗಂಡ ಮಿಷನ್ ದವಾಖಾನ್ಯಾಗ ಮಲಗಿದ್ದ, ಇಪ್ಪತ್ತೊಂದು ದಿನ.
ಬಾಜೂ ಕಾಟಿನ ಮುದುಕಿಗೆ ಡಬ್ಬಿ ತರ್ತಿದ್ದಳು ಸುಗಂಧವ್ವ.
ಮುದುಕಿ ತೀರಿದ ಮರುದಿನಾನೂ ತಂದಳು.
"ಕೈಗೆ ರೂಢಿ ಆಗೇದ, ನೀ ಉಣ್ಣು."
ಎರಡು ರೊಟ್ಟಿ, ಪುಂಡಿಪಲ್ಲೆ, ಕಾಗದದಾಗ ಚೂರು ಉಪ್ಪು.

ಹೊರಗ ಬೇವಿನ ಬುಡಕ ಐದಾರು ಮಂದಿ
ಕಣ್ಣು ಮುಚ್ಚಿ ಅಂವನ ಸಲುವಾಗಿ ಬೇಡಿಕೊಂಡರು.
ಈರಪ್ಪ ಅನ್ನೋದನ್ನ ವೀರಭದ್ರಪ್ಪ ಅಂದರು.
ನಾ ತಿದ್ದಲಿಲ್ಲ.
ತಿಳೀಬೇಕಾದಾವಗ ತಿಳೀತದ ಅಂದುಕೊಂಡೆ.

ಅಂವ ಉಳೀಲಿಲ್ಲ.

ಇನ್ನ ಇವರು ಮಾರಿ ತಪ್ಪಿಸಿ ಅಡ್ಡಾಡತಾರ ಅಂತ ತಿಳಿದಿದ್ದೆ.
ಹನ್ನೆರಡನೇ ದಿನ ಬಾಗಿಲದಾಗ ಅದೇ ಡಬ್ಬಿ.
ದೇವರ ಮಾತು ಒಂದೂ ಆಡಲಿಲ್ಲ ಅಕಿ.
ರಾಟಿ ಎಳಕೊಂಡು ಕಂಡಿಕಿ ಸುತ್ತಾಕ ಕೂತಳು.
ಬರ್ತಿದ್ದಿಲ್ಲ ಅಕಿಗೆ. ಅರ್ಧಾ ಲಡಿ ನೂಲು ಕೆಡಿಸಿದಳು.
ಬೈದೆ.
ಬೈಕೋತ ಬೈಕೋತ ನಗು ಬಂತು.

ಚರ್ಚಿನಾಗ ದೇವದೂತರು ಕಾಣಲಿಲ್ರಿ ನನಗ.
ಎಲ್ಲಾರಿಗಿಂತ ಒಂದು ಸಾಲು ಮುಂದ ಹಾಡೋ ಯೋನಪ್ಪ ಇದ್ದ.
ತಬಿತಾಬಾಯಿ ಇದ್ದಳು,
"ಇದು ನಮ್ಮ ಮನೆತನದ ಬೆಂಚು" ಅಂದಾಕಿ,
ಆಮ್ಯಾಲೆ ಪಿಸುಮಾತಿನಾಗ "ಯಾವ ಮಂದಿ ಇಕಿ?" ಅಂದಾಕಿ.
ಇಲ್ಲೂ ಅದೇ ಪ್ರಶ್ನೆ!
ಎದ್ದು ಹೊಂಟಿದ್ದೆ.
ಅಷ್ಟರಾಗ ಸುಗಂಧವ್ವನ ಮೊಮ್ಮಗಳು
ನನ್ನ ತೊಡಿ ಮ್ಯಾಲೆ ತಲಿ ಇಟ್ಟು ನಿದ್ದಿ ಹೋದಳು.
ಮಲಗಿದ ಕೂಸನ್ನ ಎಬ್ಬಿಸಿ ಹೆಂಗ ಏಳೋದು?
ಕೂತೆ. ಕೂತದ್ದಕ್ಕ ವಾಕ್ಯ ಕಿವಿಗೆ ಬಿತ್ತು.

ಒಂದಿನ ಹೇಳೇಬಿಟ್ಟೆ: "ನನಗ ನಂಬಿಕಿ ಬರವಲ್ದು."
ಸುಗಂಧವ್ವ ಅವರಿಕಾಯಿ ಸುಲಿಯಾಕತ್ತಿದ್ದಳು. ತಲಿ ಎತ್ತಲಿಲ್ಲ.
"ಬರದಿದ್ರ ಬಿಡು. ಈ ವಾರ ನಿನ್ನ ಪಾಲಿಂದೂ ನಾವ ನಂಬತೇವಿ.
ಮುಂದ ನಮಗ ಕಡಿಮಿ ಬಿದ್ದಾಗ ನೀ ಕೊಡೀಯಂತ."
ಕೈಗಡ ಸಕ್ಕರಿ ಕೊಟ್ಟಂಗ ಅಂದಳು.

ಹೋದ ಮಾಗಿಯಾಗ ಕಡಿಮಿ ಬಿತ್ತು.
ಅಕಿ ಮಗ, ಅಣ್ಣಿಗೇರಿ ಹಂತ್ಯಾಕ, ಲಾರಿ.
ಮನಿ ತುಂಬ ಮಂದಿ. ಅಕಿ ಬಾಯಿ ಕಲ್ಲಾಗಿತ್ತು.
ಸುಮ್ಮನಿದ್ದವರ ನಡುವ ಒಂದು ದನಿ ಎದ್ದಿತು.
ಯಾರದಂತ ನೋಡಿದರ, ನಂದು.
ಯೆರೆಮೀಯ ಅನ್ನಾಕ ನಾಲಿಗಿ ಹೊರಳದ
ಎರಿಮ್ಯಾ, ಎರಿಮ್ಯಾ ಅಂದೆ.
ಯಾರೂ ತಿದ್ದಲಿಲ್ಲ.

ಅದ ತಾರೀಖು ಬರಕೋಳ್ಳೇನು, ಅಂತೀರಿ.
ಬ್ಯಾಡ್ರಿ.
ಆ ಡಬ್ಬಿಗೂ ತಾರೀಖು ಇತ್ತು. ಆ ಕೂಸಿನ ನಿದ್ದಿಗೂ.
ಕೆಟ್ಟ ನೂಲಿಗೂ.
ಖಾನೆ ಸಣ್ಣದಾಗತದ, ಹಾಳಿ ಅಂಚಿಗೆ ಬರೀರಿ,
ಹೆಸರು ನಾ ಹೇಳತೇನಿ.
ತಬಿತಾಬಾಯಿನ್ನೂ ಸೇರಸ್ರಿ.
ಹೋದ ಆದಿತ್ಯವಾರ ನನ್ನ ಕಡೆ ನೋಡಲಾರದಂಗ
ಚೀಲ ಎತ್ತಿ ತೊಡಿ ಮ್ಯಾಲಿಟ್ಟುಕೊಂಡು
ಒಂದು ಗೇಣು ಸರದಾಳ.