ದಾಖಲೆಯ ಹೊರಗೆ

ಒಂಬತ್ತು ದಿನ ನನ್ನ ಬೆರಳುಗಳು ಕೇಳಿಸಿಕೊಂಡವು.
ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುವ ಕಸುಬು ಇದು.
ಹೆಲೆನಾ ಪಟ್ಟಣ, ಮೂರನೇ ಮಹಡಿ, ವಿಚಾರಣೆಯ ಕೋಣೆ,
ಗೊರಗುಟ್ಟುವ ಹೀಟರು, ಆಯೋಗದ ಐದು ಕುರ್ಚಿ,
ಬಿದ್ದ ಮಾತನ್ನೆಲ್ಲ ಹೆಕ್ಕಿ ಬೆರಳಚ್ಚಿಸುವ ನಾನು.

ಪ್ರಶ್ನೆ ಇಷ್ಟೆ: ಕಂಪನಿ ಕರೆಂಟು ಕೊಂಡ ರೀತಿ ಸರಿಯೆ?
ಜನವರಿಯ ಆ ರಾತ್ರಿ, ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಎರಡು ಗಂಟೆ ನಲವತ್ತು ನಿಮಿಷಕ್ಕೆ
ಮೆಗಾವ್ಯಾಟ್ ಗಂಟೆಗೆ ಆರುನೂರ ಹತ್ತು ಡಾಲರು ತೆತ್ತು
ಒಂದೇ ಫೋನಿನಲ್ಲಿ ಮುಗಿದ ವ್ಯಾಪಾರ.

ಕೊಂಡವನು ಡುವೇನ್ ಕೆಲ್‌ಸ್ಟಾಡ್.
ಕೋಟಿನ ತೋಳು ಗಿಡ್ಡ, ಯಾರದೋ ಎರವಲಿರಬೇಕು.
"ಬೇರೆ ಯಾರನ್ನಾದರೂ ದರ ಕೇಳಿದಿರಾ?" ಅಂದಳು
ಬಳಕೆದಾರರ ಪರ ವಕೀಲೆ, ಮಾರ್ವಾ ಟೆಸಾರಿಕ್.
ಅವನು ನೀರಿನ ಲೋಟ ನೋಡಿದ.
ನನ್ನ ಯಂತ್ರದಲ್ಲಿ ಮೌನಕ್ಕೆ ಕೀಲಿಯಿಲ್ಲ,
ಎರಡು ಅಡ್ಡಗೆರೆ ಎಳೆದು ಕಾದೆ.
"ಚೌಕಾಸಿಗೆ ಕೂತಿದ್ದರೆ ದೀಪ ಆರುತ್ತಿತ್ತು, ಮೇಡಂ."
"ಆರುತ್ತಿತ್ತೋ, ಆರಬಹುದಿತ್ತೋ?"
ಮತ್ತೆ ಲೋಟ. ಮತ್ತೆರಡು ಗೆರೆ.

ಮೂರನೆಯ ದಿನ ಸಾರ್ವಜನಿಕರ ಸರದಿ.
ಹಾವರ್‌ನಿಂದ ಬಸ್ಸು ಹತ್ತಿ ಬಂದಿದ್ದ ಆರಿನ್ ಪಚೋಕೆ,
ರೈಲ್ವೆಯಲ್ಲಿ ದುಡಿದು ನಿವೃತ್ತ, ಜೇಬಲ್ಲಿ ನಾಲ್ಕು ಮಡಿಕೆಯ ಬಿಲ್ಲು.
"ಆಲೂಗಡ್ಡೆ ತರುವಾಗಲೂ ನಾನು ಎರಡು ಅಂಗಡಿ ಕೇಳ್ತೀನಿ."
ಕೊಟ್ಟಿದ್ದು ಮೂರು ನಿಮಿಷ. ಒಂದನ್ನೂ ಮುಗಿಸದೆ ಕೂತ.

ಒಂಬತ್ತನೆಯ ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ,
ಅಧ್ಯಕ್ಷರು ಪೆನ್ನೆತ್ತಿದರು: "ದಾಖಲೆಯ ಹೊರಗೆ."
ನನ್ನ ಕೈ ತೊಡೆಗಿಳಿಯಿತು.
ಬಾಗಿಲ ಗಾಜಿನಾಚೆ ಕಾಫಿ ಯಂತ್ರದ ಪಕ್ಕ
ಕಂಪನಿಯ ವಕೀಲ ಟೈ ತುದಿಯಿಂದ ಕನ್ನಡಕ ಒರೆಸುತ್ತಿದ್ದ,
ಮಾರ್ವಾಳ ತುಟಿ ಅಲ್ಲಾಡುತ್ತಿತ್ತು.
ಎಲ್ಲ ಕೇಳುವುದೇ ಸಂಬಳವಾದ ನನಗೆ
ಒಂದಕ್ಷರ ಕೇಳಲಿಲ್ಲ.

ಎರಡು ಹಾಳೆ ಬಂದವು.
ನಲವತ್ತೆರಡು ಲಕ್ಷ ಡಾಲರು ಗ್ರಾಹಕರಿಗೆ ವಾಪಸ್ಸು:
ಮನೆಗೆ ತಿಂಗಳಿಗೆ ಐವತ್ತು ಸೆಂಟು, ಎರಡು ವರ್ಷ.
ಇನ್ನು ಮುಂದೆ ಮೂರು ಕಡೆ ದರ ಕೇಳಿ ಬರೆದಿಡತಕ್ಕದ್ದು.
ಇದರಿಂದ ಯಾವ ಪಕ್ಷವೂ ಯಾವ ತಪ್ಪನ್ನೂ ಒಪ್ಪಿದಂತಾಗದು.
ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ.
ಅಡ್ಡಗೋಡೆಯ ಮೇಲೊಂದು ದೀಪ, ಅದರ ಕರೆಂಟಿನ ಖರ್ಚೂ ನಮ್ಮದೇ.

ನಲವತ್ತೆರಡೇ ಯಾಕೆ?
ನಾನು ಬೆರಳಚ್ಚಿಸಿದ ಸಾವಿರದ ನಾನೂರು ಪುಟ ತಡಕಿದೆ,
ಆ ಸಂಖ್ಯೆಗೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ.
ಇಬ್ಬರು ವಕೀಲರೂ ಕೈ ಕುಲುಕಿದರು.
ಮಾರ್ವಾ ನಕ್ಕಳೆಂದು ಹೇಳಲಾರೆ,
ಅಳಲಿಲ್ಲ ಅನ್ನುವುದಂತೂ ನಿಜ.
ಗೆದ್ದರೆ ಮೇಲ್ಮನವಿ, ಮೂರು ವರ್ಷ. ಅವಳಿಗೂ ಲೆಕ್ಕ ಬರುತ್ತಿತ್ತು.

ಸಂಜೆ ಕಾರು ನಿಲ್ಲಿಸಿದಲ್ಲಿ ಡುವೇನ್,
ಕೋಟು ತೋಳಿನ ಮೇಲೆ, ಅಂಗಿಯಲ್ಲೇ ನಿಂತು
ಗಾಜಿನ ಹಿಮ ಕೆರೆಯುತ್ತಿದ್ದ.
"ನಾನು ಹೇಳಿದ್ದೆಲ್ಲ ಈಗ ಏನಾಗುತ್ತೆ?"
"ಇರುತ್ತೆ."
"ಯಾರು ಓದ್ತಾರೆ?"
ನಾನು ನನ್ನ ಕೀಲಿಕೈ ಹುಡುಕಿದೆ.
"ಇನ್ನೊಂದು ನಂಬರಿತ್ತು," ಅಂದ, ಗಾಜಿಗೆ ಹೇಳುವಂತೆ.
"ಒತ್ತಿದ್ದೆ. ಎರಡು ಸಲ ರಿಂಗಾಯಿತು. ನಾನೇ ಇಟ್ಟುಬಿಟ್ಟೆ."

ಉಣ್ಣೆಯ ಗವಸಿನೊಳಗೆ
ನನ್ನ ಹತ್ತೂ ಬೆರಳು
ತಾವಾಗಿಯೇ ಒತ್ತಿದವು.