ಲೆಕ್ಕಕ್ಕುಂಟು, ಆಟಕ್ಕಿಲ್ಲ

ಗಲೀಸಿಯಾದ ಬಡಗಣ ಅಂಚು. ಪೆನಾವೆಲ್ಲ ಎಂಬ ತೀರ.
ಇಳಿತದಲ್ಲಿ ಮೂರೂವರೆ ತಾಸು ಮರಳು ತೋರಿ
ಮತ್ತೆ ಮುಸುಕು ಹೊದೆಯುವ ಜಾಗ.
ಅಲ್ಲಿಗಿಳಿವ ನೂರಾ ಹನ್ನೆರಡು ಮೆಟ್ಟಿಲ ತಲೆಯಲ್ಲಿ
ನಾವೊಂದು ಕಂಬ ನೆಟ್ಟೆವು.
ಕಣ್ಣುಂಟು ಅದಕ್ಕೆ, ರೆಪ್ಪೆಯಿಲ್ಲ.
ಇಳಿದವರನ್ನು ಕೂಡುತ್ತದೆ, ಹತ್ತಿದವರನ್ನು ಕಳೆಯುತ್ತದೆ,
ಆರುನೂರಕ್ಕೆ ಕೆಂಪಾಗುತ್ತದೆ.

ಆರುನೂರು ನನ್ನ ಕೂಸು.
ಎರಡು ವರ್ಷ, ಹನ್ನೊಂದು ಸಭೆ,
ಸಾಂತಿಯಾಗೊದ ಕಚೇರಿಯಲ್ಲಿ ಆರಿ ಹೋದ ಕಾಫಿ.
ಧಾರಣಶಕ್ತಿ ಎಂದು ಕಡತದಲ್ಲಿ ಬರೆದೆ.
ನಿಜ ಹೇಳಲೇ? ಮೇಲಿನ ಬಯಲಲ್ಲಿ ನಿಲ್ಲುವುದು ನೂರೈವತ್ತು ಕಾರು.
ತಲಾ ನಾಲ್ಕು ಜನ.

ಮೊದಲ ವಾರವೇ ಜಗಳ ತೆಗೆದವಳು ದೊಸಿಂದ.
ರಬ್ಬರು ಉಡುಪು, ಸೊಂಟಕ್ಕೆ ಹಗ್ಗ,
ಹೆಗಲಲ್ಲಿ ಬಲೆಚೀಲ, ಕೈಯಲ್ಲಿ ಚಪ್ಪಟೆ ಉಳಿ.
ಬಂಡೆಗೆ ಹಲ್ಲು ಕಚ್ಚಿ ಕೂತ ಪೆರ್ಸೆಬೆಯನ್ನು,
ಯಾವುದೋ ಮುದಿ ಉಡದ ಬೆರಳಿನಂಥ ಆ ಚಿಪ್ಪುಜೀವವನ್ನು,
ಅಲೆ ಉಸಿರೆಳೆದುಕೊಂಡಷ್ಟು ಹೊತ್ತಿನಲ್ಲಿ
ಕಿತ್ತು ತರುವುದು ಅವಳ ಕಸುಬು.
ಅವಳವ್ವನದೂ ಅದೇ. ಅವ್ವನ ಅಕ್ಕ ಬರಲಿಲ್ಲ ಒಂದು ದಿನ, ಅಷ್ಟೆ.

'ಇವತ್ತು ಎಷ್ಟನೆಯವಳು ನಾನು?'
ಫಲಕ ನೋಡಿ ಹೇಳಿದೆ: 'ಆರುನೂರು.'
ಹಿಂದಿದ್ದ ಬ್ರೆಮೆನ್ನಿನ ಗಂಡಹೆಂಡಿರು
ಫೋನಿನೊಳಗಿನ ಚೀಟಿ ಹಿಡಿದು ನಿಂತವರು,
ಸರತಿ ಮುರಿದು ನುಗ್ಗಿದವಳ ನೋಡುವ ಹಾಗೆ
ಅವಳನ್ನು ನೋಡಿದರು.

'ನಿನ್ನ ಕಂಬಕ್ಕೆ ಹೇಳು,' ಅಂದಳು,
'ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ
ಕಡಲಿಗೆ ಬೆನ್ನು ಹಾಕಿದವಳಲ್ಲ ನಾನು.
ಅವರನ್ನು ನೋಡು, ಪಟಕ್ಕೆ ನಿಂತರೆ
ಮೊದಲು ಮಾಡುವುದೇ ಅದು.'

ದೂರು ಬರೆದುಕೊಂಡೆ. ಪರಿಹಾರ ಹುಡುಕಿದೆ, ಚುರುಕಾದದ್ದೇ:
ಕಸುಬಿನ ಹದಿನಾಲ್ಕು ಮಂದಿಗೆ ತಲಾ ಒಂದು ಕೈಬಳೆ.
ತೊಟ್ಟವರು ಕಂಬಕ್ಕೆ ಕಾಣುವುದಿಲ್ಲ.
ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಸ್ವಲ್ಪ.

ಸೆಪ್ಟೆಂಬರಿನಲ್ಲಿ ಮಂಜು ಬಿದ್ದ ಒಂದು ಸಂಜೆ
ಫಲಕ ಸೊನ್ನೆ ಎಂದಿತು.
ಕಾವಲಿನ ಹುಡುಗ ಬ್ರೆಯ್ಶೊ ಸೊನ್ನೆಯನ್ನು ನಂಬಿ
ಗೇಟಿಗೆ ಬೀಗ ಜಡಿದು ಮನೆಗೆ ಹೋದ.
ನೀರು ಏರುತ್ತಿತ್ತು.
ಐದು ಕಿಲೋ ಚೀಲ, ತರಚಿದ ಮಂಡಿ,
ಮೇಲಿನ ಮೆಟ್ಟಿಲಲ್ಲಿ ಕೂತು ದೊಸಿಂದ
ಕಂಬದ ಕಣ್ಣಿಗೆ ಉಳಿ ತೋರಿಸಿ ಅಂದದ್ದೆಲ್ಲ
ಧ್ವನಿಮುದ್ರಣದಲ್ಲಿದೆ. ಇಲ್ಲಿ ಬರೆಯಲಾರೆ.

ಮರುದಿನ ಬಳೆಯನ್ನು ನನ್ನ ಮೇಜಿಗೆ ಬಿಸುಟಳು.
ಕ್ಷಮೆ ಕೇಳಲು ಬಾಯಿ ತೆರೆದೆ.
'ಬೂಟು ಹಾಕು,' ಅಂದಳು.

ಬಂಡೆಯ ಬುಡದಲ್ಲಿ ಒಂದು ಬೋಳು ತೇಪೆ ತೋರಿಸಿದಳು, ಅಂಗೈಯಗಲ.
'ಇದು ಹೋದ ವರ್ಷ ನಾನು ಕಿತ್ತದ್ದು. ಇನ್ನೂ ತುಂಬಿಲ್ಲ.
ಅದಕ್ಕೇ ಐದು ಕಿಲೋ. ಅದಕ್ಕೇ ಈ ಮಗ್ಗುಲು ವಸಂತದವರೆಗೆ ಬಂದ್.
ನಮ್ಮ ಸಂಘದಲ್ಲಿ ಬೈದಾಡಿ ಗೆರೆ ಎಳೆದೆವು,
ನಿನ್ನ ಕಂಬ ಹುಟ್ಟುವ ಮೊದಲು.
ನೀನು ಯಾವ ಬಂಡೆ ಮುಟ್ಟಿ ನೋಡಿ ಆರುನೂರು ಅಂದೆ?'

ಕಾರಿನ ಮಾತು ಹೇಳಲಿಲ್ಲ ನಾನು.
ಬಗ್ಗಿ ತೇಪೆಯನ್ನು ಮುಟ್ಟಿದೆ.
ಅಂಚಿನಲ್ಲಿ ಅಕ್ಕಿಕಾಳಿಗಿಂತ ಸಣ್ಣವು,
ಬೆರಳಿಗೆ ಒರಟಾಗಿ ಸಿಕ್ಕವು, ನಾಲ್ಕೋ ಐದೋ.
'ಅಲೆ!' ಎಂದು ಕೂಗಿ ಅವಳು ಕಾಲರು ಹಿಡಿದೆಳೆದಾಗ
ತಿಳಿಯಿತು, ಬೆನ್ನು ಯಾವ ಕಡೆಗಿತ್ತೆಂದು.

ಹನ್ನೆರಡನೆಯ ಸಭೆ. ಹೊಸ ಪರದೆ, ಅದೇ ಕಾಫಿ.
ಕಂಬವನ್ನು ಇನ್ನೂ ಏಳು ತೀರಗಳಲ್ಲಿ ನೆಡುವ ಮಾತು.
ಅಧ್ಯಕ್ಷೆ ಕನ್ನಡಕ ಏರಿಸಿ ಕೇಳಿದರು:
'ಸರಿ, ಮುಂದಿನ ಬೇಸಗೆಗೆ ಎಷ್ಟು?'

ಬೂಟಿನೊಳಗೆ ಉಪ್ಪು ಇನ್ನೂ ಕಚ್ಚುತ್ತಿತ್ತು.
ಇವತ್ತು ಇಳಿತ ಎಷ್ಟು ಹೊತ್ತಿಗೆ, ಎಂದೆ.
ಒಬ್ಬರನ್ನೊಬ್ಬರು ನೋಡಿಕೊಂಡರು.
ಯಾರೋ ಫೋನು ತೆಗೆದರು.